ಕರಣೆಯ ಪದರಗಳು

“ಗುರುಗಳೇ, ಈ ವಾರ ನಾಲ್ಕು ಕೀರ್ತನೆ ಕಲಿತೆ. ಮುಂದಿನ ವಾರಕ್ಕೆ ಇನ್ನೂ ನಾಲ್ಕು. ಶಾಸ್ತ್ರದ ಪರೀಕ್ಷೆಯಿದೆ. ಯುವಜನೋತ್ಸವದ ಕಛೇರಿಯೂ ನನಗೇ ಬಂದಿದೆ! ಯಾವುದನ್ನೂ ಬಿಡಲು ಮನಸ್ಸಿಲ್ಲ. ಇಷ್ಟನ್ನೂ ಬೇಗ ಕಲಿಯುವ ದಾರಿ ಯಾವುದು?”

ವಿಶ್ವವಿದ್ಯಾನಿಲಯದ ಸಂಗೀತ ವಿಭಾಗದ ವಿದ್ಯಾರ್ಥಿನಿ ಮಂದಾಕಿನಿ ಒಂದೇ ಉಸಿರಿನಲ್ಲಿ ಕೇಳಿದಳು. ಗುರು ವಿಶಾಲಾಕ್ಷಮ್ಮ ತಂಬೂರಿಯನ್ನು ಗೋಡೆಗೆ ಒರಗಿಸಿದರು.

“ರಾಗ ಹಾಡಿ ದೀಪ ಹೊತ್ತಿಸಿದವರಿದ್ದರಂತೆ. ಆ ದೀಪವನ್ನು ಕಂಡವರು ನನಗೆ ಸಿಕ್ಕಿಲ್ಲ. ಮೃದಂಗದ ಕತೆಯೊಂದು ಗೊತ್ತು, ಕೇಳು.

“ಒಬ್ಬ ಮೃದಂಗ ವಾದಕನಿಗೆ ದೊಡ್ಡ ಸಭೆಯಿಂದ ಮೊದಲ ಕರೆ ಬಂದಿತು. ಕಛೇರಿಗೆ ಎರಡೇ ದಿನ. ಅವನು ಹಿಗ್ಗಿನಿಂದ ಓಡುತ್ತ ಮೃದಂಗ ಕಟ್ಟುವವನ ಮನೆಗೆ ಹೋದನು. ಬಲಗಡೆಯ ಚರ್ಮದ ನಡುವಿನ ಕಪ್ಪು ಕರಣೆಯನ್ನು ಹೊಸದಾಗಿ ಹಾಕಿಸಬೇಕಿತ್ತು. ಕಟ್ಟುವವನು ಅನ್ನದೊಂದಿಗೆ ಅರೆದ ಕಪ್ಪು ಕಲ್ಲಿನ ಪುಡಿಯನ್ನು ತೆಳುವಾಗಿ ಹಚ್ಚಿದನು, ಒಣಗುವವರೆಗೂ ನುಣುಪುಕಲ್ಲಿನಿಂದ ಉಜ್ಜಿದನು, ಮತ್ತೆ ಹಚ್ಚಿದನು. ಮಧ್ಯಾಹ್ನಕ್ಕೆ ಐದೇ ಪದರವಾಗಿತ್ತು.

“‘ಇದೇನು ಯಜಮಾನರೇ, ಕೂಸಿಗೆ ದೃಷ್ಟಿಬೊಟ್ಟು ಇಡುತ್ತಿದ್ದೀರಾ? ಒಂದೇ ಸಲ ಮೆತ್ತಿಬಿಡಿ!’

“‘ಮೆತ್ತಬಹುದು ಸ್ವಾಮಿ. ಮೇಲೆ ಒಣಗುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ.’

“ಅವನು ಊಟಕ್ಕೆ ಎದ್ದುಹೋದ ಮೇಲೆ ವಾದಕನು ಉಳಿದ ಕರಣೆಯನ್ನೆಲ್ಲ ತಾನೇ ಮೆತ್ತಿ ಬಿಸಿಲಿಗಿಟ್ಟನು. ಸಂಜೆಗೆ ಅದು ಥಳಥಳ ಹೊಳೆಯಿತು. ಬೀದಿಯವರನ್ನೆಲ್ಲ ಕೂಗಿ ಕರೆದು ನುಡಿಸಿದನು. ಎರಡನೆಯ ಪೆಟ್ಟಿಗೆ ಕರಣೆ ಇಡಿಯಾಗಿ ಕಿತ್ತು, ಕಾವಲಿ ಬಿಟ್ಟ ರೊಟ್ಟಿಯಂತೆ ಮಡಿಲಿಗೆ ಬಿತ್ತು.

“ಕಟ್ಟುವವನು ನಗಲಿಲ್ಲ. ಚರ್ಮವನ್ನು ಒರೆಸಿ ಮೊದಲ ಪದರದಿಂದ ತೊಡಗಿದನು.

“‘ನಾಳೆ ಸಂಜೆಗೆ ಎಷ್ಟು ಪದರವಾಗುತ್ತದೆ?’ ವಾದಕನ ದನಿ ಇಳಿದಿತ್ತು.

“‘ಆದಷ್ಟು. ಆದದ್ದು ಮಾತ್ರ ಕಿತ್ತುಬರುವುದಿಲ್ಲ.’

“ವಾದಕನೂ ಕಲ್ಲು ಹಿಡಿದು ಕುಳಿತನು. ಕಛೇರಿಯ ದಿನ ಸಭೆಯಲ್ಲಿ ಮೃದಂಗದ ನಾದ ಕೊಂಚ ತೆಳುವಾಗಿತ್ತು. ಆದರೆ ಮಂಗಳದವರೆಗೂ ಒಂದು ಚಕ್ಕೆಯೂ ಏಳಲಿಲ್ಲ. ವಾದಕನು ಕುಣಿಯುವಂತೆ ನುಡಿಸಿದನು.”

ಮಂದಾಕಿನಿಯ ಕಣ್ಣು ಅರಳಿತು. “ಎಂಥ ಕತೆ! ಆದರೆ ನನ್ನವು ಮೆತ್ತಿದವಲ್ಲ, ಗುರುಗಳೇ. ನಾಲ್ಕೂ ಚೆನ್ನಾಗಿ ಬರುತ್ತವೆ.”

ವಿಶಾಲಾಕ್ಷಮ್ಮ ಅವಳ ಕೈಯಿಂದ ಕೀರ್ತನೆಗಳ ಪುಸ್ತಕವನ್ನು ಮೆಲ್ಲಗೆ ತೆಗೆದುಕೊಂಡರು.

“ಸೋಮವಾರ ಕಲಿತದ್ದನ್ನು ಹಾಡು.”