ನಿಂಬೆವ್ವ ನೀರು ಬಿಟ್ಟ ಕಾರಣ

ಪೂಜ್ಯ ಹಂಪಮ್ಮ ತಾಯಿಯವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಕಾಲೊತ್ತುವ ಶಿಷ್ಯರೂ ಇರಲಿಲ್ಲ. ರಾಯಚೂರು ಸೀಮೆಯ ಎರೆಮಣ್ಣಿನ ಬಯಲಿನಲ್ಲಿ, ಶ್ರೀಶೈಲದ ಹಾದಿಯ ಪಕ್ಕಕ್ಕೆ, ಜೋಳದ ದಂಟು ಹೊದಿಸಿದ ಒಂದು ಗುಡಿಸಲು. ಅದರ ಮುಂದೆ ಹಸಿ ಗೋಣಿತಟ್ಟು ಸುತ್ತಿದ ಮೂರು ಗುಡಾಣ. ಅದೇ ಅವರ ಸಂಸ್ಥಾನ. ಅರ್ಧ ಹರದಾರಿ ದೂರದ ಬಾವಿಯಿಂದ ತಾವೇ ನೀರು ಹೊತ್ತು ತಂದು ಗುಡಾಣ ತುಂಬಿಸುತ್ತಿದ್ದರು. ದಾರಿಹೋಕರನ್ನು ಯಾವೂರು, ಯಾವ ಕುಲ ಎಂದು ಅವರು ಕೇಳಿದ್ದನ್ನು ಕಂಡವರಿಲ್ಲ. ಮೋಕ್ಷದ ಮಾರ್ಗ ತಿಳಿಯಲು ಬಂದ ಶಾಸ್ತ್ರಿಗಳಿಗೂ ಅವರು ಹೇಳುತ್ತಿದ್ದುದು ಇಷ್ಟೇ: "ಮೊದಲು ನೀರು ಕುಡೀರಿ. ಆಮ್ಯಾಗ ಮಾತು." ಕೆಲವರು ಈ ಮಾತಿನಲ್ಲಿ ಗೂಢಾರ್ಥ ಹುಡುಕಿ ಪ್ರವಚನವನ್ನೇ ಮಾಡಿದ್ದಾರೆ. ಗೂಢಾರ್ಥವೇನೂ ಇಲ್ಲ. ಬಾಯಾರಿದವರ ಕಿವಿಗೆ ಮಾತು ಇಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಅಷ್ಟೆ.

ತಾಯಿಯವರ ಪವಾಡ ಕೇಳಬಯಸುವವರಿಗೆ ಈ ಪ್ರಸಂಗ ರುಚಿಸಲಿಕ್ಕಿಲ್ಲ. ಇಲ್ಲಿ ಸತ್ತವರು ಎದ್ದು ಕೂರುವುದಿಲ್ಲ.

ಯುಗಾದಿಗೆ ಇನ್ನು ಹದಿನೈದು ದಿನವಿತ್ತು. ಕೃಷ್ಣೆಯ ಆಚೆ ದಂಡೆಯ ಒಂದೂರಿನಿಂದ ನಲವತ್ತು ಜನ ಪಾದಯಾತ್ರಿಗಳು ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಹೊರಟು ಆ ಬಯಲಿಗೆ ಇಳಿದಿದ್ದರು. ಎಲ್ಲರಿಗಿಂತ ಮುಂದೆ ಕಂಬಿ, ಎಂದರೆ ಮಲ್ಲಯ್ಯನ ಹೆಸರಿನಲ್ಲಿ ಅಲಂಕರಿಸಿ ಹೆಗಲ ಮೇಲೆ ಹೊರುವ ಕಾವಡಿ. ಅದನ್ನು ಹೊತ್ತವನು ಅಡಿವೆಪ್ಪ. ಹದಿನೆಂಟು ವರ್ಷ ಹೊತ್ತು ಅವನ ಬಲ ಹೆಗಲು ಜಡ್ಡುಗಟ್ಟಿತ್ತು. ಊರಿನಲ್ಲಿ ಅವನನ್ನು ಕಂಬಿ ಅಡಿವೆಪ್ಪ ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿದಾಗಲೆಲ್ಲ ಅವನ ಬೆನ್ನು ಒಂದು ಗೇಣು ನೆಟ್ಟಗಾಗುತ್ತಿತ್ತು.

ಗುಂಪಿನ ಹಿಂದೆ ಒಂದು ಎತ್ತಿನ ಗಾಡಿ. ಅದರಲ್ಲಿ ಬುತ್ತಿಯ ಗಂಟುಗಳ ನಡುವೆ, ಹೊಸ ಬಟ್ಟೆ ಸುತ್ತಿದ ಒಂದು ಕಲ್ಲು ಮಲಗಿತ್ತು. ಕಲ್ಲಿನ ಮೇಲೆ ಕೈಮುಗಿದ ಹೆಂಗಸಿನ ರೂಪ. ಅವಳು ಅಡಿವೆಪ್ಪನ ಹೆಂಡತಿ ನಿಂಬೆವ್ವ. ಹಿಂದಿನ ವರ್ಷದ ಪಾದಯಾತ್ರೆಯಲ್ಲಿ, ತಾಯಿಯವರ ಗುಡಿಸಲು ದಾಟಿ ಒಂದು ಮೈಲಿ ಹೋದಮೇಲೆ, ಹನಿ ನೀರು ಬಾಯಿಗೆ ಹಾಕದೆ ನಡೆಯುತ್ತಿದ್ದ ಅವಳು ನಡುಹಾದಿಯಲ್ಲಿ ಬಿದ್ದು ಪ್ರಾಣ ಬಿಟ್ಟಿದ್ದಳು. ಅವಳು ಮಲ್ಲಯ್ಯನಿಗಾಗಿ ನೀರು ಬಿಟ್ಟಳು, ಮಲ್ಲಯ್ಯ ಅವಳನ್ನು ಕರೆದುಕೊಂಡ ಎಂದು ಊರು ಮಾತಾಡಿತು. ವರ್ಷ ತುಂಬುವಷ್ಟರಲ್ಲಿ 'ನೀರು ಬಿಟ್ಟ ನಿಂಬೆವ್ವ' ಎಂದು ಹರಕೆ ಹೊರುವವರು ಹುಟ್ಟಿಕೊಂಡರು. ಅವಳು ಬಿದ್ದ ಜಾಗದಲ್ಲಿ ಆ ಕಲ್ಲನ್ನು ನೆಡುವುದೆಂದು ಹಿರಿಯರು ಗೊತ್ತುಮಾಡಿದರು.

ಅವಳು ಭಕ್ತಿಗೆ ನೀರು ಬಿಟ್ಟಳೆಂಬುದು ನಿಜವಲ್ಲವೆಂದು ಅಡಿವೆಪ್ಪನಿಗೆ ಗೊತ್ತಿತ್ತು. ಕಂಬಿಯ ಅಕ್ಕಪಕ್ಕ ನಡೆದಿದ್ದ ನಾಲ್ಕೈದು ಗಂಡಸರಿಗೂ ಗೊತ್ತಿತ್ತು. ಸುಳ್ಳನ್ನು ಅವನು ಹುಟ್ಟಿಸಿರಲಿಲ್ಲ. ಊರು ಹೇಳಿತು, ಅವನು ತಲೆದೂಗಿದ. ಒಮ್ಮೆ ತಲೆದೂಗಿದ ಮೇಲೆ ಅದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಹೇಗೋ ಅದನ್ನು ಬಾಯಲ್ಲೇ ಇಟ್ಟುಕೊಂಡು ಅವನು ಸಾಯುವವರೆಗೆ ಇರುತ್ತಿದ್ದನೇನೋ. ಆದರೆ ಈ ವರ್ಷ ಏಳು ಜನ ಹೆಂಗಸರು ನಿಂಬೆವ್ವನ ಹೆಸರಿನಲ್ಲಿ ವ್ರತ ಹಿಡಿದರು. ಸೂರ್ಯ ಹುಟ್ಟಿದಾಗಿನಿಂದ ಸಂಜೆಗೆ ಕಂಬಿ ಇಳಿಯುವವರೆಗೆ ನೀರು ಮುಟ್ಟುವುದಿಲ್ಲ ಎಂಬ ವ್ರತ. ಏಳರಲ್ಲಿ ಮೊದಲಿನವಳು ಸಾವಂತ್ರಿ, ಅಡಿವೆಪ್ಪನ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷದವಳು, ಮದುವೆಯಾಗಿ ಗಂಡನ ಮನೆಗೆ ಹೋದವಳು, ತಾಯಿಯ ಪುಣ್ಯದಲ್ಲಿ ಪಾಲು ಬೇಕೆಂದು ಹಟ ಹಿಡಿದು ಬಂದಿದ್ದಳು. ಆ ದಿನ ಬೆಳಗಿನಿಂದ ಅಡಿವೆಪ್ಪ ಮಲ್ಲಯ್ಯನ ಸ್ಮರಣೆ ಮಾಡಿರಲಿಲ್ಲ. ಹಿಂದಿನಿಂದ ಬರುವ ಮಗಳ ಹೆಜ್ಜೆಯ ಸಪ್ಪಳವನ್ನೇ ಕೇಳುತ್ತ ನಡೆದಿದ್ದ. ಮುಂಜಾನೆ ಜೋರಾಗಿ ಹಾಡುತ್ತಿದ್ದವಳು ಹೊತ್ತೇರಿದಂತೆ ಹಾಡು ನಿಲ್ಲಿಸಿದಳು. ಆಮೇಲೆ ಕಾಲು ಎಳೆಯತೊಡಗಿದಳು.

ನಡುಮಧ್ಯಾಹ್ನಕ್ಕೆ ಗುಂಪು ತಾಯಿಯವರ ಗುಡಿಸಲು ಮುಟ್ಟಿತು. ಗೂಟ ನೆಟ್ಟು, ಅದರ ಮೇಲೆ ಕಂಬಿ ಇಳಿಸಿ, ಕಾಯಿ ಒಡೆದು ಆರತಿ ಬೆಳಗಿದರು. ಹಾದಿಯಲ್ಲಿ ಕಂಬಿಯನ್ನು ನಿಲ್ಲಿಸಬೇಕೆಂದರೆ ಅವರಲ್ಲಿ ಇಷ್ಟೂ ಆಗಲೇಬೇಕು; ಹಾಗಾಗಿ ಎತ್ತಿದ ಕಂಬಿಯನ್ನು ಮಧ್ಯೆ ಮಧ್ಯೆ ನಿಲ್ಲಿಸುವ ರೂಢಿಯೇ ಇರಲಿಲ್ಲ. ಗಂಡಸರು ಗುಡಾಣದ ಮುಂದೆ ಬೊಗಸೆ ಒಡ್ಡಿದರು. ತಾಯಿಯವರು ಒಬ್ಬೊಬ್ಬರಿಗೂ ಎತ್ತಿ ಹೊಯ್ದರು. ವ್ರತದ ಏಳು ಹೆಂಗಸರು ಮಾತ್ರ ದೂರ ಸರಿದು, ಗಾಡಿಯ ನೆರಳಿನಲ್ಲಿ ಕುಳಿತರು. ತಾಯಿಯವರು ತಂಬಿಗೆ ಹಿಡಿದು ಅಲ್ಲಿಗೇ ಹೋದರು.

"ಕುಡಿ, ಮಗಳ."

"ಒಲ್ಲೆ, ತಾಯೀ. ನಮ್ಮವ್ವ ಬಿಟ್ಟಾಳ, ನಾನೂ ಬಿಟ್ಟೀನಿ," ಎಂದಳು ಸಾವಂತ್ರಿ. ನಾಲಿಗೆ ಅಂಗುಳಕ್ಕೆ ಅಂಟಿ ಮಾತು ತೊದಲುತ್ತಿತ್ತು. ಅಂಥ ಬಿಸಿಲಿನಲ್ಲೂ ಅವಳ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ.

ತಾಯಿಯವರು ಅವಳ ಕೈ ಮುಟ್ಟಿ ನೋಡಿದರು. ಗುಡಾಣದ ಕಡೆಗೆ ಹಿಂತಿರುಗಿದರು. ಅಷ್ಟರಲ್ಲಿ ಅಡಿವೆಪ್ಪ ಅವರ ಪಾದಕ್ಕೆ ಬಿದ್ದ. ಹಿರಿಯರು ಅವನಿಗೆ ಕಲಿಸಿ ಕಳಿಸಿದ ಮಾತು ಒಂದಿತ್ತು, ಅದನ್ನೇ ಒಪ್ಪಿಸಿದ:

"ನನ್ನ ಹೆಂಡತಿ ಕಲ್ಲು ತಂದೀವ್ರಿ ತಾಯೀ. ತಾವು ಬಂದು ಒಂದೀಟು ಕೈ ಮುಟ್ಟಿಸಿ ನಿಲ್ಲಸಬೇಕು."

"ಆಕಿ ನೀರು ಯಾಕ ಬಿಟ್ಟಳು, ತಮ್ಮಾ?"

"ಭಕ್ತೀಗೆ ಬಿಟ್ಟಳ್ರಿ."

ತಾಯಿಯವರು ಅವನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅಡಿವೆಪ್ಪನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವರು ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಹೋದ ವರ್ಷ ಆಕಿ ಇಲ್ಲೇ ನಿಂತಿದ್ಲು. ತುಂಬಿದ ತಂಬಿಗಿ ಕೈಯಾಗಿತ್ತು. ಮುಂದಿನ ಊರ ತನಕ ಹೆಂಗಸರಿಗೆ ಮರೆ ಆಗೂವಂಥಾದ್ದು ಏನರ ಐತೇನ್ರಿ ಅಂತ ಕೇಳಿದ್ಲು. ಬಯಲು ಬಿಟ್ರ ಏನಿಲ್ಲವ್ವಾ ಅಂದೆ. ತಂಬಿಗಿ ಕೆಳಗಿಟ್ಟು ಹೋದಳು. ಯಾಕ ಇಟ್ಟಳು ಅಂತ ನನಗ ಆಗ ಹೊಳೀಲಿಲ್ಲ." ಗುಡಿಸಲ ಹಿಂದೆ ತೊಗರಿಕಟ್ಟಿಗೆ ಹೆಣೆದು ನಿಲ್ಲಿಸಿದ ಆಳೆತ್ತರದ ತಟ್ಟಿಗಳ ಕಡೆಗೆ ಅವರು ಕೈ ತೋರಿಸಿದರು. "ಆಕಿ ಸತ್ತ ಸುದ್ದಿ ಬಂದ ಮರುದಿನ ಆ ಮರೆ ಕಟ್ಟೀನಿ. ನಂದೂ ತಪ್ಪೈತಿ. ಇನ್ನ ನಿಂದು ಹೇಳು."

ತಂಬಿಗೆಯ ವಿಷಯ ಅಡಿವೆಪ್ಪನಿಗೆ ಗೊತ್ತಿರಲಿಲ್ಲ. ಅವಳು ಕುಡಿಯಬೇಕೆಂದು ತುಂಬಿಸಿಕೊಂಡಿದ್ದಳು. ಕುಡಿಯುವ ಆಸೆ ಕಡೆಯವರೆಗೂ ಇತ್ತು. ಇಷ್ಟು ದಿನ ಅವನು ತನ್ನ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದುದು ಬೇರೆ: ತಾನೇನೋ ಅಂದೆ, ಆದರೆ ಅವಳೂ ಒಳಗೊಳಗೆ ವ್ರತ ಹಿಡಿದಿದ್ದರೂ ಹಿಡಿದಿರಬಹುದು, ಯಾರು ಕಂಡವರು? ಆ ಒಂದು ಆಸರೆಯೂ ಈಗ ಕೈಬಿಟ್ಟಿತು.

"ತಾವ ಮಗಳಿಗೆ ಹೇಳ್ರಿ ತಾಯೀ, ತಮ್ಮ ಮಾತು ಕೇಳತಾಳ," ಎಂದು ಕಾಲು ಹಿಡಿದ.

"ಅವ್ವನ ಹೆಸರಿನ ವ್ರತ, ನನ್ನ ಮಾತಿಗೆ ಬಿಡೂದಿಲ್ಲ. ನೀ ಹೇಳಿದ್ರ ಬಿಡ್ತಾಳ." ತಾಯಿಯವರು ಕಾಲು ಬಿಡಿಸಿಕೊಂಡರು. "ಹೇಳ್ತೀಯೋ, ಇನ್ನೊಂದು ಕಲ್ಲು ಕೆತ್ತಸ್ತೀಯೋ?"

ಗೂಟದ ಮೇಲಿನ ಕಂಬಿಯ ಪಕ್ಕದಲ್ಲಿ ಅಡಿವೆಪ್ಪ ಎದ್ದು ನಿಂತ. ಹೇಳಿದರೆ ಏನೇನು ಹೋಗುತ್ತದೆಂದು ಅವನಿಗೆ ತಿಳಿದಿತ್ತು. ಕಂಬಿ ಹೋಗುತ್ತದೆ, ಊರಿನ ಮಾನ ಹೋಗುತ್ತದೆ, ಮಗಳ ಕಣ್ಣಿನಲ್ಲಿ ತಾನು ಹೋಗುತ್ತೇನೆ. ಗಾಡಿಯ ಚಕ್ರಕ್ಕೆ ತಲೆ ಆನಿಸಿ ಸಾವಂತ್ರಿ ಕಣ್ಣು ಮುಚ್ಚಿದ್ದಳು. ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಅವನ ದನಿ ಹೊರಟಿತು.

"ಕೇಳ್ರಿ! ನನ್ನ ಹೆಂಡತಿ ವ್ರತ ಹಿಡದಿರಲಿಲ್ಲ. ಹೋದ ವರ್ಷ ಮುಂಜಾನೆ ಇದ ಬಯಲಾಗ ಎರಡು ಸಲ ಕಂಬೀ ಹತ್ತಿರ ಬಂದು, ಹೆಂಗಸರು ಒಂದಕ್ಕ ಕುಂದ್ರಬೇಕು, ಸೀರಿ ಹಿಡದು ಮರೆ ಮಾಡ್ಕೋತೀವಿ, ತುಸು ನಿಂದ್ರು ಅಂತ ಕೇಳಿದ್ಲು. ಮೊದಲನೇ ಸಲ ಕೇಳಿಸದವನಂಗ ನಡದೆ. ಎರಡನೇ ಸಲ ಅಂದೆ, ನಿನ್ನ ಕಾಲ್ಮಡಿಗೆ ಮಲ್ಲಯ್ಯ ಕಾಯಬೇಕೇನು, ನೀರು ಕುಡಿಯೂದು ಬಿಡು, ನಿಲ್ಲೂದು ತಾನ ತಪ್ಪತೈತಿ ಅಂತ. ಇವರೆಲ್ಲ ನಕ್ಕರು. ನಾನೂ ನಕ್ಕೆ. ಅದಕ್ಕ ಆಕಿ ನೀರು ಬಿಟ್ಟಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವನ ಹಿಂದಿನ ವರ್ಷದ ಮಾತು ಹೆಂಡತಿಯನ್ನು ಕೊಂಡೊಯ್ದಿತ್ತು. ಈ ಮಾತು ಉಳಿದುದನ್ನು ಕೊಂಡೊಯ್ಯಿತು. ಅಂದು ನಕ್ಕಿದ್ದ ಗಂಡಸರು ನೆಲ ನೋಡಿದರು. ಒಬ್ಬ ಹಿರಿಯ, "ಇದನ್ನ ಇಲ್ಲಿ ಹೇಳಬೇಕಾಗಿತ್ತೇನೋ, ಊರ ಮರ್ಯಾದಿ ತೆಗದಿ," ಎಂದು ಸಿಡುಕಿದ. ಸತ್ತವಳಿಗಿಂತ ಕಲ್ಲಿನ ಚಿಂತೆ ಅವನಿಗೆ ದೊಡ್ಡದಾಗಿತ್ತು.

ಸಾವಂತ್ರಿ ಕಣ್ಣು ತೆರೆದಿದ್ದಳು.

"ನೀ ಹಂಗ ಅಂದಾಗ ಅವ್ವ ಏನಂದ್ಲು?"

"ಏನೂ ಅನ್ಲಿಲ್ಲವ್ವಾ. ಸೆರಗು ತಲಿಮ್ಯಾಲೆ ಎಳಕೊಂಡು ಹಿಂದಕ ಹೋದ್ಲು."

"ನೀ ತಿರುಗಿ ನೋಡಿದೇನು?"

"ಕಂಬಿ ಹೆಗಲ ಮ್ಯಾಲಿತ್ತು."

ಅಡಿವೆಪ್ಪ ಗುಡಾಣದಿಂದ ತಂಬಿಗೆ ತುಂಬಿಕೊಂಡು, ಮಗಳ ಮುಂದೆ ಹಿಡಿದ. ಅವಳು ಆ ತಂಬಿಗೆಯನ್ನು ನೋಡಲಿಲ್ಲ. ನೆಲಕ್ಕೆ ಕೈಯೂರಿ ಎದ್ದು, ತೂರಾಡುತ್ತ ನಾಲ್ಕು ಹೆಜ್ಜೆ ನಡೆದು, ತಾಯಿಯವರ ಮುಂದೆ ಕುಸಿದು ಕುಳಿತು ಬೊಗಸೆ ಒಡ್ಡಿದಳು. ತಾಯಿಯವರು ಚೂರು ಬೆಲ್ಲ, ಚಿಟಿಕೆ ಉಪ್ಪು ಹಾಕಿ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಗಬಗಬ ಕುಡಿಯಹೋದಾಗ ತಡೆದರು, ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿದರು. ಬಹಳ ಹೊತ್ತಿನ ಮೇಲೆ ಅವಳ ಕಣ್ಣಿನಲ್ಲಿ ನೀರು ಬಂತು. ಉಳಿದ ಆರು ಹೆಂಗಸರು ಯಾರಪ್ಪಣೆಗೂ ಕಾಯದೆ ಗುಡಾಣಕ್ಕೆ ಬಂದರು, ಕುಡಿದರು, ಒಬ್ಬೊಬ್ಬರಾಗಿ ಗುಡಿಸಲ ಹಿಂದಿನ ಮರೆಗೆ ಹೋಗಿ ಬಂದರು.

ಗಾಡಿಯವನು ಕಲ್ಲಿನ ಗತಿಯೇನೆಂದು ಕೇಳಿದಾಗ ಉತ್ತರ ಕೊಟ್ಟವಳು ಸಾವಂತ್ರಿಯೇ.

"ಅವ್ವನ್ನ ದೇವರು ಮಾಡಬ್ಯಾಡ್ರಿ. ಮನುಷ್ಯಾಳಾಗಿದ್ದಾಗ ಒಂದು ಗುಟುಕು ನೀರಿಗೆ ಅಂಜಿಸಿದ್ರಿ."

ಕಲ್ಲು ಗಾಡಿಯಿಂದ ಇಳಿಯಲಿಲ್ಲ.

ಹೊರಡುವ ಹೊತ್ತಿಗೆ ಅಡಿವೆಪ್ಪ ಮತ್ತೆ ತಾಯಿಯವರ ಪಾದದ ಹತ್ತಿರ ಬಂದ. ಅವನ ಅಹಂಕಾರವೆಲ್ಲ ಇಳಿದುಹೋಗಿತ್ತು. ಇನ್ನು ತಾಯಿಯವರು ತಲೆಯ ಮೇಲೆ ಕೈಯಿಟ್ಟು ಸಮಾಧಾನದ ಒಂದು ಮಾತು ಆಡುತ್ತಾರೆಂದು ಅವನು ನಂಬಿದ್ದ. ನಾವೂ ನಂಬುತ್ತೇವೆ, ಸಂತರ ಹತ್ತಿರ ನಾವೆಲ್ಲ ಹೋಗುವುದು ಬಹುಮಟ್ಟಿಗೆ ಅದಕ್ಕಾಗಿಯೇ.

"ನನಗ ಕ್ಷಮಾ ಮಾಡ್ರಿ, ತಾಯೀ."

"ಅದನ್ನ ಕೊಡಾಕಿ ನಾ ಅಲ್ಲ, ತಮ್ಮಾ. ಕೊಡಾಕಿ ಸತ್ತಾಳ."

"ಹಂಗಾರ ನಾ ಏನು ಮಾಡ್ಲಿ?"

ತಾಯಿಯವರು ಗುಡಿಸಲ ಹಿಂದೆ ಹೋಗಿ, ತಾವೇ ಹೆಣೆದಿದ್ದ ತಟ್ಟಿಗಳಲ್ಲಿ ನಾಲ್ಕನ್ನು ಕಿತ್ತು, ಹಗ್ಗದಿಂದ ಬಿಗಿದು ತಂದು ಅವನ ಮುಂದಿಟ್ಟರು.

"ಇದನ್ನ ಹೊರು."

ಕಂಬಿಯನ್ನು ಬೇರೊಬ್ಬ ಎತ್ತಿಕೊಂಡ. ಹದಿನೆಂಟು ವರ್ಷ ಮಲ್ಲಯ್ಯನನ್ನು ಹೊತ್ತ ಹೆಗಲ ಮೇಲೆ ಅಡಿವೆಪ್ಪ ತೊಗರಿಕಟ್ಟಿಗೆಯ ತಟ್ಟಿ ಹೊತ್ತು, ಗುಂಪಿಗಿಂತ ಮುಂದೆ, ಒಬ್ಬನೇ ನಡೆದ. ಒಂದು ಮೈಲಿ ಹೋದಮೇಲೆ ನಿಂಬೆವ್ವ ಬಿದ್ದ ಜಾಗ ಬಂತು. ಅಲ್ಲಿ ಏನೂ ಇರಲಿಲ್ಲ, ಕಪ್ಪು ನೆಲ ಬಿರುಕು ಬಿಟ್ಟಿತ್ತು. ಅವನು ತಟ್ಟಿಗಳನ್ನು ಸುತ್ತಲೂ ನಿಲ್ಲಿಸಿ ಕಟ್ಟಿ, ಹಾದಿಯ ನಡುವೆ ಬಂದು, ಮರೆಗೆ ಬೆನ್ನು ಮಾಡಿ ನಿಂತ. ಗುಂಪು ಹತ್ತಿರವಾದಾಗ ಕೂಗಿ ಹೇಳಿದ:

"ಅವ್ವಾರ, ಮರೆ ಐತಿ. ಅಂಜಬ್ಯಾಡ್ರಿ, ನೀರು ಕುಡೀರಿ."

ಹನ್ನೊಂದು ವರ್ಷ ಅವನು ಆ ತಟ್ಟಿ ಹೊತ್ತ. ಕೊನೆಯ ಹೆಂಗಸು ಮುಂದೆ ಸಾಗುವವರೆಗೆ ಕದಲುತ್ತಿರಲಿಲ್ಲ. ಕಂಬಿ ಅಡಿವೆಪ್ಪ ಎಂಬ ಹೆಸರು ಹೋಗಿ ತಟ್ಟಿ ಅಡಿವೆಪ್ಪ ಎಂಬ ಹೆಸರು ಬಂತು. ಅದನ್ನು ನಗುತ್ತ ಕರೆದವರಿಗೂ ಅವನು ಓಗೊಟ್ಟ. ಆ ಹಾದಿಯಲ್ಲಿ ಮುಂದೆ ನೀರಿಲ್ಲದೆ ಯಾವ ಹೆಂಗಸೂ ಬೀಳಲಿಲ್ಲ. ಸಾವಂತ್ರಿ ಪ್ರತಿ ವರ್ಷವೂ ಬಂದಳು. ಮರೆಗೆ ಹೋಗುತ್ತಿದ್ದಳು, ಹೊರಗೆ ಬಂದು ಅವನಿಂದ ಹತ್ತು ಹೆಜ್ಜೆ ದೂರ ನಿಂತು ತಂಬಿಗೆ ಎತ್ತಿ ತುಂಬ ನೀರು ಕುಡಿಯುತ್ತಿದ್ದಳು, ನಡೆದುಬಿಡುತ್ತಿದ್ದಳು. ಒಂದು ಸಲವೂ ಅವನನ್ನು ಅಪ್ಪಾ ಎಂದು ಕರೆಯಲಿಲ್ಲ. ಅವಳು ನೀರು ಕುಡಿದ ಸಪ್ಪಳ ಕೇಳಿದರೆ ಅವನಿಗೆ ಸಾಕಾಗುತ್ತಿತ್ತು ಎಂದು ಬರೆದರೆ ಓದುವವರ ಮನಸ್ಸಿಗೆ ಹಿತವಾದೀತು, ಆದರೆ ತಾಯಿಯವರ ಹೆಸರು ಹೇಳಿ ಸುಳ್ಳು ಬರೆಯಬಾರದು. ಅವನಿಗೆ ಸಾಕಾಗುತ್ತಿರಲಿಲ್ಲ. ಪ್ರತಿ ಸಲವೂ ಕರೆದಾಳೇನೋ ಎಂದು ಕಾಯುತ್ತಿದ್ದ. ಅವಳು ದೂರ ಹೋದಮೇಲೆ ತಟ್ಟಿ ಬಿಚ್ಚಿ, ಹೆಗಲಿಗೇರಿಸಿ, ಮುಂದಿನ ಮರೆ ಕಟ್ಟಲು ಗುಂಪನ್ನು ಹಿಂದಿಕ್ಕಿ ಓಡುತ್ತಿದ್ದ.