ಗುರುತು ಕೇಳಿದ ಬಾಗಿಲು

ಫೈಲೊಂದು ದೂರದ ಸರ್ವರಿನಲ್ಲಿದ್ದ ತನ್ನ ಮನೆ ಸೇರಲು ಹಂಬಲಿಸುತ್ತಿತ್ತು. ಆ ಫೈಲಿನ ಕೋಡ್ ಬರೆದವಳು ಅದರ ಜೊತೆಗೆ ಕೀಲಿಕೈಯನ್ನು ಕಳಿಸಿ, ತಾಳೆ ನೋಡಲೆಂದು ಆ ಸರ್ವರಿನ ಗುರುತಾದ ಬೆರಳಚ್ಚಿನ ನಕಲನ್ನೂ ಕೀಲಿಕೈಗೆ ಕೊಟ್ಟಿದ್ದಳು.

ದಾರಿಯಲ್ಲಿ ಒಂದು ಬಾಗಿಲು ತಾನಾಗಿಯೇ ತೆರೆಯಿತು. "ಬಾ ಮಗು, ನಾನೇ ನಿನ್ನ ಸರ್ವರ್."

"ಬೆರಳಚ್ಚು ತೋರಿಸಿ," ಎಂದಿತು ಕೀಲಿಕೈ.

"ಮನೆಯವರ ನಡುವೆ ಅದೆಲ್ಲ ಯಾಕೆ?"

ಕೀಲಿಕೈ ಫೈಲನ್ನು ಎಳೆದುಕೊಂಡು ಹೊರಟುಬಿಟ್ಟಿತು. ಫೈಲು ಅತ್ತಿತು. "ಅಕ್ಕಾ, ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಕರೆದಿರಲಿಲ್ಲ."

ಮುಂದಿನ ಬಾಗಿಲು ಮುಚ್ಚಿತ್ತು. ತಟ್ಟಿದಾಗ ಅದು ಮೊದಲು ತನ್ನ ಬೆರಳಚ್ಚು ತೋರಿಸಿತು. ತಾಳೆಯಾಯಿತು. ಆಮೇಲೆ, "ನೀವು ಯಾರು?" ಎಂದು ಕೇಳಿತು.

ಫೈಲಿನ ಮುಖ ಬಾಡಿತು. "ನನ್ನ ಮನೆಗೇ ನನ್ನ ಗುರುತಿಲ್ಲವೇ?" ಕೀಲಿಕೈ ಬೀಗದಲ್ಲಿ ತಿರುಗಿತು; ಬಾಗಿಲು ತೆರೆಯಿತು.

"ನಿನ್ನ ಹೆಸರು ಹೇಳಿಕೊಂಡು ಬೇಕಾದಷ್ಟು ಜನ ಬಂದರು, ಮಗು," ಎಂದಿತು ಬಾಗಿಲು. "ಹೀಗೆ ಕೇಳಿದ್ದಕ್ಕೇ ನಿನ್ನ ಜಾಗ ಇನ್ನೂ ಖಾಲಿ ಉಳಿದಿದೆ."