ನೀರಿನ ಕೆಳಗಿನ ನೆಲ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನಲ್ಲಿ ಎನ್‌ಸಿಸಿ ನೋಡಿಕೊಳ್ಳುತ್ತಿದ್ದ ಪಂಕಜಾ ಮೇಡಂ. ಅವರಿಗೆ ಈಜು ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಬಹಳ ಚೆನ್ನಾಗಿ ಹೇಳುತ್ತಿದ್ದರು.

ಒಂದು ನದಿ. ಅದರ ದಡದಲ್ಲಿ ಒಂದು ಶಿಬಿರ. ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರರಿಂದಲೂ ಆರಿಸಿ ತಂದ ಗಟ್ಟಿಗರು ಅಲ್ಲಿ ಒಟ್ಟಿಗೆ ಕಲಿಯುತ್ತಿದ್ದರು.

ಕಲಿಸುವವರು ಉಸ್ತಾದ್ ಮೇದಪ್ಪ. ಪ್ರತಿಯೊಬ್ಬನಿಗೂ ಮಿಕ್ಕವರ ವಿದ್ಯೆ ಬರಬೇಕು ಅನ್ನುವುದು ಅವರ ನಿಯಮ. ಬಾರದವನು ಟ್ರಂಕು ಕಟ್ಟಿಕೊಂಡು ತನ್ನ ಪಡೆಗೆ ವಾಪಸ್ ಹೋಗಬೇಕು.

ಗೋಕಾಕ ಕಡೆಯ ಯಮನಪ್ಪ ಭೂಸೇನೆಯವನು. ಬೆನ್ನಿಗೆ ಮೂಟೆ ಹೊತ್ತು ಗುಡ್ಡ ಹತ್ತಿದರೂ ಅವನಿಗೆ ಏದುಸಿರು ಬರುತ್ತಿರಲಿಲ್ಲ. ನೀರು ಕಂಡರೆ ಮಾತ್ರ ಎದೆ ಝಲ್ಲೆನ್ನುತ್ತಿತ್ತು.

ನೀರಿನ ಪರೀಕ್ಷೆ, ಕೇಳುವುದಕ್ಕೆ, ಬಲು ಸರಳ. ಕೈ ಹಿಂದಕ್ಕೆ ಕಟ್ಟಿ, ಕಾಲು ಜೋಡಿಸಿ ಕಟ್ಟಿ, ನದಿಯ ಮಡುವಿಗೆ ಬಿಡುತ್ತಾರೆ. ಸೀಟಿ ಊದುವ ತನಕ ತೇಲಿ ಮುಳುಗಿ ಹೇಗಾದರೂ ಬದುಕಿರಬೇಕು.

ಎರಡು ಸಲ ಯಮನಪ್ಪನನ್ನು ಕೂದಲು ಹಿಡಿದು ಎತ್ತಿದ್ದರು. ಇವತ್ತು ಕೊನೆಯ ಅವಕಾಶ.

ಎರಡು ಸಲವೂ ಎತ್ತಿದವನು ನೌಕಾಸೇನೆಯ ಮುಳುಗುಗಾರ, ಕಾರವಾರದ ದಾಮೋದರ.

“ಯಮನಪ್ಪಾ, ಮಡುವಿನ ಅರ್ಧ ನೀರು ನೀನೇ ಕುಡಿದೆ ಮಾರಾಯ. ಮೀನಿಗೂ ಸ್ವಲ್ಪ ಬಿಡು,” ಎಂದ ದಾಮೋದರ.

“ನಿನಗೇನಲೇ, ಮೀನಿನ ಹೊಟ್ಯಾಗ ಹುಟ್ಟಿದಾಂವ ನೀ!”

ಗಟ್ಟಿಯಿದ್ದದ್ದು ಬಾಯಿ ಮಾತ್ರ. ಯಮನಪ್ಪ ನೇರ ಉಸ್ತಾದರ ಹತ್ತಿರ ಹೋಗಿ ನಿಂತ.

“ಉಸ್ತಾದ್, ನಾ ನೆಲದ ಮನಷ್ಯಾ ಅದೀನ್ರಿ. ನೀರು ನಂದಲ್ಲ. ನನ್ನ ಕಳಿಸಿಬಿಡ್ರಿ.”

ಉಸ್ತಾದ್ ಕಾಲ ಬುಡದ ಕಲ್ಲೊಂದನ್ನೆತ್ತಿ ಮಡುವಿಗೆ ಎಸೆದರು.

“ಎಲ್ಲಿ ಹೋಯಿತು?”

“ತಳಕ್ಕ್ ಹೋತ್ರಿ.”

“ತಳದಲ್ಲಿ ಏನಿದೆ?”

“ಇನ್ನೇನ್ ಇರತೈತ್ರಿ? ಮಣ್ಣು, ಮರಳು.”

“ಅದು ಯಾರದು? ನೌಕಾಸೇನೆಯದೋ?”

ಯಮನಪ್ಪ ಬಾಯಿ ತೆರೆಯುವುದರೊಳಗೆ ಉಸ್ತಾದ್ ಅವನ ಕೈ ಕಟ್ಟಲು ಶುರು ಮಾಡಿದ್ದರು.

ನೀರಿಗೆ ಬಿದ್ದವನು ಎಂದಿನಂತೆ ಒದ್ದಾಡಿದ. ಮೇಲೆಯೇ ಉಳಿಯಬೇಕೆಂದು ಒದ್ದಾಡಿದಷ್ಟೂ ಮೂಗಿಗೆ ನೀರು ನುಗ್ಗಿತು. ಆಗ ಕಲ್ಲು ನೆನಪಾಯಿತು.

ಒದ್ದಾಟ ನಿಲ್ಲಿಸಿದ. ಕೆಳಗೆ ಹೋಗುತ್ತೇನೆ ಅನ್ನುವ ಮೈಯನ್ನು ಹೋಗಲು ಬಿಟ್ಟ.

ಕತ್ತಲು. ಕಿವಿ ಗುಂಯ್ ಅಂದಿತು. ಇನ್ನು ಮುಗಿಯಿತು ಅನ್ನುವಷ್ಟರಲ್ಲಿ ಕಾಲ್ಬೆರಳಿಗೆ ಮರಳು ತಾಗಿತು.

ನೆಲ!

ಗುಡ್ಡ ಹತ್ತುವ ಮೊಣಕಾಲು ತಾನಾಗಿ ಮಡಚಿಕೊಂಡಿತು. ಒಂದೇ ನೂಕು. ತಲೆ ಹೊರಗೆ ಬಂತು. ಉಸಿರೆಳೆದುಕೊಂಡು ಮತ್ತೆ ತಾನೇ ಮುಳುಗಿದ. ಮತ್ತೆ ನೆಲ, ಮತ್ತೆ ನೂಕು. ಆಮೇಲಾಮೇಲೆ ದಡದ ಮೇಲಿದ್ದವರ ಮುಖ ನೋಡುವಷ್ಟು ಪುರುಸೊತ್ತೂ ಸಿಕ್ಕಿತು.

“ದಾಮೂ, ಮೀನಿಗೆ ನೀರು ಬಿಟ್ಟೀನಿ ನೋಡಲೇ!”

ದಡದಲ್ಲಿ ಎದ್ದ ಕೇಕೆಯಲ್ಲಿ ಸೀಟಿ ಯಾರಿಗೂ ಕೇಳಿಸಲಿಲ್ಲ. ಎಲ್ಲರಿಗಿಂತ ಮೊದಲು ನೀರಿಗೆ ಹಾರಿ, ಕಟ್ಟು ಬಿಚ್ಚಿ, ಅವನನ್ನು ಹೆಗಲ ಮೇಲೆ ಹೊತ್ತು ತಂದವನು ದಾಮೋದರ. ಈ ಸಲ ಕೂದಲು ಹಿಡಿಯಬೇಕಾಗಲಿಲ್ಲ. ಮೂರೂ ಪಡೆಯವರು ಸೇರಿ ಯಮನಪ್ಪನನ್ನು ಶಿಬಿರದ ಸುತ್ತ ಮೆರವಣಿಗೆ ಮಾಡಿದರು.

ಮಧ್ಯಾಹ್ನ ವಾಯುಸೇನೆಯವರ ಪಾಠ. ಪ್ಯಾರಾಚೂಟು ಬೆನ್ನಿಗೆ ಕಟ್ಟಿಕೊಂಡು ಎತ್ತರದ ಗೋಪುರದಿಂದ ಧುಮುಕಬೇಕು.

ದಾಮೋದರ ಗೋಪುರದ ಏಣಿ ಹಿಡಿದು ಕೆಳಗೇ ನಿಂತುಬಿಟ್ಟಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಬೆಳಗಿನ ತಮಾಷೆಯೂ ಇರಲಿಲ್ಲ.

ಯಮನಪ್ಪನಿಗೆ ನಗು ಬರಬೇಕಿತ್ತು. ಬರಲಿಲ್ಲ.

“ಉಸ್ತಾದ್, ಇವಂಗೂ ಒಂದ್ ಮಾತ ಹೇಳ್ರಿ.”

“ನೀನೇ ಹೇಳು.”

“ನಾ ಏನ್ ಹೇಳಲಿರಿ? ನಿಮ್ಮ ಕಲ್ಲಿನ ಮಾತ ಹೇಳಲ್ಯಾ?”

“ಕಲ್ಲಿನದು ಬೇಡ. ನೀನು ಕುಡಿದ ನೀರಿನದು ಹೇಳು. ಇಳಿದು ಬಂದಮೇಲೆ ಅವನು ಇನ್ನೊಬ್ಬನಿಗೆ ತಾನು ಹೆದರಿದ್ದನ್ನು ಹೇಳಲಿ.”